ಮೂರನೇ ನಿವೇಶನ

ಈ ವರ್ಷವೂ ಸಂಘದ ಕಾರ್ಯದರ್ಶಿ ನಾನೇ.
ಬೇರೆ ಯಾರೂ ಕೈಯೆತ್ತಲಿಲ್ಲ, ಅದೇ ನನ್ನ ಅರ್ಹತೆ.
ಸಂಬಳವಿಲ್ಲ, ಬೈಗುಳಕ್ಕೆ ಬರವಿಲ್ಲ.
ಕಿಸೆಯಲ್ಲಿ ಜೆಟ್ಟಿಯ ಗೇಟಿನ ಬೀಗದ ಕೈ,
ಟ್ರಕ್ಕಿನ ಬೆನ್ನಲ್ಲಿ ಮಡಿಸುವ ಕುರ್ಚಿ ನಲವತ್ತು,
ಫೋನಿನಲ್ಲಿ ಡ್ವೇನ್ ಕಾಕ್ರೆಲ್‌ನ ಒಂಬತ್ತನೇ ದೂರು:
ಪಕ್ಕದ ಮನೆಯ ದೋಣಿಯ ನೆರಳು
ತನ್ನ ಹುಲ್ಲಿನ ಮೇಲೆ ಬೀಳುತ್ತದಂತೆ, ಅನುಮತಿಯಿಲ್ಲದೆ.

ಚೆಸಪೀಕ್ ಕೊಲ್ಲಿಯ ಈ ಸಂದಿಯಲ್ಲಿ
ರಸ್ತೆ ಒಂದು, ನಿವೇಶನ ನಲವತ್ತೊಂದು, ನಿಯಮ ಹದಿನಾರು ಪುಟ.
ಬೇಲಿ ನಾಲ್ಕಡಿ ಮೀರಕೂಡದು.
ರಾತ್ರಿ ಹತ್ತರ ಮೇಲೆ ದಂಡೆಯಲ್ಲಿ ಬೆಂಕಿ ಕೂಡದು.
ನಾಯಿಗೆ ಹಗ್ಗ, ನೆಂಟರಿಗೆ ಬಿಲ್ಲೆ.
ಚಂದಾ ಬಾಕಿಯಿದ್ದವರಿಗೆ ಮತವಿಲ್ಲ.
ಬರೆದವರೆಲ್ಲ ಹೋದರು; ಟೈಪು ಮಾಡಿದ ಆ ಹಾಳೆಗಳು
ಗಾಳಿಗಿಟ್ಟ ಹಪ್ಪಳದಂತೆ ಮೆತ್ತಗಾಗಿವೆ.

ಆಗಸ್ಟಿನ ಎರಡನೇ ಶನಿವಾರ, ವಾರ್ಷಿಕ ಸಭೆ.
ಬೆಂಕಿ ಆರಿಸುವ ಲಾರಿಯನ್ನು ಬಿಸಿಲಿಗೆ ನಿಲ್ಲಿಸಿ
ಅದರ ಶೆಡ್ಡಿನೊಳಗೆ, ಎಣ್ಣೆಕಲೆಗಳ ಮೇಲೆ ಕುರ್ಚಿ ಹಾಕಿ
ಹಾಜರಿ ಕೂಗುತ್ತೇನೆ.
ಒಂದು?
ಎರಡು?
ಹೊಸಬರು ಕತ್ತು ಹೊರಳಿಸಿ ಹುಡುಕುತ್ತಾರೆ.
ಒಂದರಿಂದ ಆರು, ಹಳೆಯ ನಕ್ಷೆಯ ನೀರ್‌ಬೀದಿ,
ಇಟ್ಟ ಹೆಸರನ್ನು ಉಳಿಸಿಕೊಂಡಿದೆ:
ಈಗ ಅಲ್ಲಿ ಎದೆಮಟ್ಟ ನೀರು, ಲೋಳೆಮೀನು.
ಮೂರು?
"ಇದ್ದೀನಿ," ಕೊನೇ ಸಾಲಿನಿಂದ ಆರ್ಲೀಟಾ ಪ್ರುಯಿಟ್.

ಎಂಬತ್ತಮೂರು ವರ್ಷ. ಹನ್ನೊಂದು ಮೈಲಿ ಆಚೆ
ಗಾಳದ ಸಾಮಾನಿನ ಅಂಗಡಿಯ ಮಹಡಿಯಲ್ಲಿ ವಾಸ.
ಪ್ರತಿ ಜನವರಿ ತಪ್ಪದೆ ಅರವತ್ತು ಡಾಲರಿನ ಚೆಕ್ಕು,
ಕೆಳಗೆ ಓರೆ ಅಕ್ಷರದಲ್ಲಿ: ರಸ್ತೆ ರಿಪೇರಿಗೆ.
ಬಿಡಿ, ಮುಳುಗಿದ್ದಕ್ಕೂ ಚಂದಾ ಯಾಕೆ, ಅಂದಿದ್ದೆ ಒಮ್ಮೆ.
"ಹನ್ನೆರಡನೇ ಪುಟ ನೋಡು," ಅಂದಳು.

ಈ ಸಲದ ಠರಾವು ಗ್ರೆಗ್ ವೊಯ್ಚಿಕ್‌ನದು. ನಿವೇಶನ ಏಳು,
ಮೊನ್ನೆಯವರೆಗೆ ಎರಡನೇ ಸಾಲು, ಈಗ ಮೊದಲು.
ದಡಕ್ಕೆ ಆರಡಿ ಕಲ್ಲಿನ ಗೋಡೆ; ಮನೆಗೆ ನಾಲ್ಕು ಸಾವಿರ.
(ಹೋದ ವರ್ಷ ಸುರಿದ ಹದಿನೆಂಟು ಲಾರಿ ಮರಳು
ಹೊಳೆಯಲ್ಲಿ ತೊಳೆದ ಹುಣಸೆಹಣ್ಣು.)
ಹಿಂದಿನ ಮನೆಗಳವರು ಚಾವಣಿ ನೋಡಿದರು.
ಏಳನೆಯದು ಹೋದರೆ ಅವರ ಜಗಲಿಗೆ
ಸೂರ್ಯೋದಯ ಪೂರ್ತಿ ಕಾಣುತ್ತದೆ.
ಇದನ್ನು ಯಾರೂ ಹೇಳಲಿಲ್ಲ;
ನಡಾವಳಿಯಲ್ಲಿ ನಾನೂ ಬರೆಯಲಿಲ್ಲ.

ಪರ ಹದಿನೇಳು. ವಿರುದ್ಧ ಹದಿನೇಳು.
ಕುರ್ಚಿಗಳೆಲ್ಲ ಕಿರುಗುಟ್ಟಿ ಹಿಂದೆ ತಿರುಗಿದವು.
ಆರ್ಲೀಟಾ ಎದ್ದಳು, ಪರ್ಸನ್ನು ಕುರ್ಚಿಯ ಮೇಲಿಟ್ಟು.
"ಕಲ್ಲು ಬೀಳೋದು ಎಲ್ಲಿ?"
ಗ್ರೆಗ್ ನಕ್ಷೆ ಬಿಡಿಸಿದ; ಬೆರಳು ನೀರಿನ ಮೇಲೆ ಸರಿದು ನಿಂತಿತು.
"ಮೂರರ ಮೇಲೆ."
"ನನ್ನ ಅಂಗಳದಲ್ಲಿ."
"ಹೌದು ಮೇಡಂ."
"ಹಾಗಾದರೆ ನಾಲ್ಕಡಿ. ಬೇಲಿ ನಿಯಮ ಎಲ್ಲರಿಗೂ ಒಂದೇ."
ಯಾರೋ ನಕ್ಕರು. ಆಮೇಲೆ ಶೆಡ್ಡಿನ ಫ್ಯಾನಿನ ಸದ್ದಷ್ಟೇ.
ತಿದ್ದುಪಡಿ ಬರೆದೆ. ಪೆನ್ನು ಎರಡು ಸಲ ಕೈಕೊಟ್ಟಿತು.
ಪರ ಹದಿನೆಂಟು.

ನಾಲ್ಕಡಿ ಸಾಕೇ, ಯಾರಿಗೂ ಗೊತ್ತಿಲ್ಲ,
ಇಂಜಿನಿಯರಿಗೂ.

ಸಂಜೆ ಗೇಟು ತೆಗೆದು ಅವಳನ್ನು ಜೆಟ್ಟಿಯ ತುದಿಗೆ ಕರೆದೊಯ್ದೆ.
ಹುಡುಗನೊಬ್ಬ ದಾರಕ್ಕೆ ಕೋಳಿಕತ್ತು ಕಟ್ಟಿ ಏಡಿಗೆ ಕಾದಿದ್ದ.
"ಇದು ಅಡುಗೆಮನೆ," ಅಂದಳು, ದಾರ ಇಳಿದ ಕಡೆ ನೋಡಿ,
"ಒಲೆ ಇನ್ನೂ ಸ್ವಲ್ಪ ಎಡಕ್ಕೆ."
ಹುಡುಗ ಅರ್ಥವಾಗದೆಯೂ ಎಡಕ್ಕೆ ಸರಿದ.
ಸಿಕ್ಕಿತು, ನೀಲಿ ಕೊಂಬಿನ ಸಿಟ್ಟಿನ ಪ್ರಾಣಿ.
ಅವಳೇ ಅಳತೆಪಟ್ಟಿ ಇಟ್ಟು ನೋಡಿದಳು:
ಐದಿಂಚಿಗೆ ಕೂದಲೆಳೆ ಕಡಿಮೆ.
"ಬಿಡು ಮಗೂ, ನಿಯಮ."
ಅವನು ಮುಖ ಸಣ್ಣದು ಮಾಡಿ ಬಿಟ್ಟ.
ಅದು ಓರೆಯಾಗಿ ಇಳಿದು ಹೋಯಿತು,
ಒಳಗೆ, ಅವಳ ಮನೆಗೆ.