ಗೇಣುದ್ದದ ರಬ್ಬರು

ಬನ್ನಿಮಂಟಪದ ನನ್ನ ಶೆಡ್ಡಿಗೆ
ಅರವತ್ತೇಳರ ಎಂ.ಜಿ. ಮಿಡ್ಜೆಟ್ ಬಂದದ್ದು ಸೋಮವಾರ,
ಹಲಸಿನ ತೊಳೆಯ ಬಣ್ಣ, ಬಾಗಿಲು ಮೊಣಕಾಲೆತ್ತರ.
ಇಳಿದವರು ವಿಶಾಲಾಕ್ಷಮ್ಮಣ್ಣಿ,
ರೇಸ್ ಕೋರ್ಸಿನಲ್ಲಿ ಮೂವತ್ತು ವರ್ಷ ಕುದುರೆ ಡಾಕ್ಟರು.
ಇಳಿದರು ಅನ್ನುವುದಕ್ಕಿಂತ ಎದ್ದರು ಅನ್ನಬೇಕು.
"ಎಡಕ್ಕೆ ಎಳೀತಿದೆ ಕಣೋ ಜವರಾಯಿ. ಸ್ಟಿಯರಿಂಗ್ ನೋಡು."

ಸ್ಟಿಯರಿಂಗ್ ನೋಡಿದೆ.
ಮುದಸ್ಸಿರ್ ಚಕ್ರ ಹಿಡಿದು ಅಲುಗಿಸಿದ,
ನಾನು ಕೆಳಗೆ ಮಲಗಿ ಕಿವಿಗೊಟ್ಟೆ.
ರ್‍ಯಾಕ್ ಗಟ್ಟಿ. ಟೈ ರಾಡಿನ ತುದಿಗಳು ಹೊಸವು,
ಯಾರೋ ನನಗಿಂತ ಮುಂಚೆ ಇದೇ ತಪ್ಪು ಮಾಡಿ
ದುಡ್ಡು ಇಸಿದುಕೊಂಡಿದ್ದಾರೆ.
ಕಿಂಗ್ ಪಿನ್ನಿನಲ್ಲಿ ಕೂದಲೆಳೆಯಷ್ಟು ಆಟ
(ಆಟ ಅಂತಲೇ ಅನ್ನುತ್ತೇವೆ ನಾವು,
ಇರಬಾರದ ಕಡೆ ಇರುವ ಜಾಗಕ್ಕೆ)
ಗ್ರೀಸು ಕುಡಿಸಿದರೆ ಸುಮ್ಮನಾಗುವಂಥದ್ದು.
ಗಾಳಿ ಅಳೆದೆ. ಟೈರು ಅದಲುಬದಲು ಮಾಡಿದೆ.
ದಾರ ಕಟ್ಟಿ ಚಕ್ರಗಳ ನೇರ ನೋಡಿದೆ,
ಗಾರೆಯವನು ಗೋಡೆ ನೋಡುವ ಹಾಗೆ.
ಶೆಡ್ಡಿನ ಮುಂದೆ ಓಡಿಸಿದರೆ ಗಾಡಿ ಪರಮ ಸಾಧು.
"ನಿನ್ನೆದುರಿಗೆ ಹೀಗೇ ಆಡುತ್ತೆ," ಅಂದರು. "ಬೆಟ್ಟಕ್ಕೆ ನಡಿ."

ಹತ್ತುವಾಗ ಏನಿಲ್ಲ.
ಇಳಿಯುವಾಗ, ಮೂರನೇ ತಿರುವಿಗೆ ಶುರು:
ಬ್ರೇಕ್ ಬಿಟ್ಟ ಮೇಲೂ ಯಾರೋ ಸೆರಗು ಹಿಡಿದು ಜಗ್ಗಿದಂತೆ
ಎಡಕ್ಕೆ, ತಡೆಗೋಡೆಯ ಕಡೆಗೆ.
ಕೆಳಗೆ ಊರು, ರೇಸ್ ಕೋರ್ಸಿನ ಹಸಿರು ಬಳೆ.
ಅವರ ಬಲಗೈ ಬೆಳ್ಳಗಾಗಿತ್ತು ಬಿಗಿಗೆ.
ಮೂಗಿಗೆ ಬಂತು ಸುಟ್ಟ ಹುಣಸೆಬೀಜದ ವಾಸನೆ.
"ನಿಲ್ಸಿ," ಅಂದೆ.

ಬಲ ಚಕ್ರದ ಹತ್ತಿರ ಅಂಗೈ ಒಯ್ದೆ, ಬೆಚ್ಚಗಿತ್ತು ಅಷ್ಟೇ.
ಎಡಕ್ಕೆ ಹೋಗುವಷ್ಟರಲ್ಲಿ ಅವರಾಗಲೇ ಮಂಡಿಯೂರಿದ್ದರು,
ಸೀರೆಗೆ ಧೂಳು ಅನ್ನದೆ,
ಕೈಯ ಹಿಂಬದಿ ಚಾಚಿ, ಮುಟ್ಟದೆ, ಕಣ್ಣು ಮುಚ್ಚಿ.
"ಥೂ, ನನ್ನ ಬುದ್ಧಿಗಿಷ್ಟು.
ಕುದುರೆ ಕತ್ತು ವಾಲಿಸಿದ್ರೆ ನಾನು ಬಾಯಿ ನೋಡ್ತಿದ್ನೇನೋ?
ಮೊದಲು ಗೊರಸು ಮುಟ್ತಿದ್ದೆ.
ಕಾವು ಎಲ್ಲೋ ನೋವು ಅಲ್ಲಿ."

ಆರಿದರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ.
ಸ್ಕೂಟರಿನಲ್ಲಿ ಹಿಂದೆ ಬಂದ ಮುದಸ್ಸಿರ್
ಚಕ್ರಕ್ಕೆ ಕಲ್ಲು ಇಟ್ಟು ಅಲ್ಲೇ ಜಾಕು ಕೊಟ್ಟ.
ಎಡ ಚಕ್ರ ತಿರುಗಲೊಲ್ಲದು.
ಹೋಸಿನ ಮೇಲ್ತುದಿಯ ಪೈಪು ಸಡಿಲಿಸಿದೆ,
ಒಂದು ಹನಿ. ಚಕ್ರ ಹಾಗೇ.
ಕೆಳಗಿನ ನಿಪ್ಪಲ್ ಕಾಲು ಸುತ್ತು ಬಿಚ್ಚಿದೆ,
ಚಿಳ್ಳೆಂದು ಎಣ್ಣೆ ಮೊಣಕೈವರೆಗೆ!
ಚಕ್ರ ತಿರುಗಿತು, ತನಗೇನೂ ಗೊತ್ತಿಲ್ಲದ ಹಾಗೆ.

ಹಾಗಾದರೆ ಇವೆರಡರ ನಡುವೆ.
ನಡುವೆ ಇದ್ದದ್ದು ಗೇಣುದ್ದದ ರಬ್ಬರು,
ಹೊರಗೆ ಒಂದು ಬಿರುಕಿಲ್ಲ, ಹೊಸ ಚಪ್ಪಲಿಯ ಪಟ್ಟಿಯಂತೆ ಮಿರಿಮಿರಿ.
ಶೆಡ್ಡಿನಲ್ಲಿ ಉದ್ದಕ್ಕೆ ಸೀಳಿದೆ.
ಒಳಗೊಳಗೇ ಊದಿ, ಸಾಸಿವೆಯೂ ಹೋಗದಷ್ಟು ದಾರಿ.
ತುಳಿದ ಕಾಲಿನ ಜೋರಿಗೆ ಎಣ್ಣೆ ನುಗ್ಗುತ್ತದೆ;
ವಾಪಸು ಬರುವಾಗ ತಳ್ಳುವವರು ಯಾರು?

ಹೊಸದು ಕೊಯಮತ್ತೂರಿನಿಂದ ಬರಲು ಹನ್ನೊಂದು ದಿನ.
ಜೋಡಿ ಹಾಕಿದೆ, ಬಲಗಡೆಯದಕ್ಕೂ ಅದೇ ವಯಸ್ಸು.

ಲಲಿತಮಹಲ್ ರಸ್ತೆಯಲ್ಲಿ ನಾನು ಓಡಿಸಿ ಕೈಬಿಟ್ಟೆ,
ಬಾಣ.
ಅವರು ಕೂತರು.
ಗಾಡಿ ಮೆಲ್ಲಗೆ ಬಲಕ್ಕೆ, ಇನ್ನೂ ಬಲಕ್ಕೆ,
ಎದುರು ಬರುವ ಹಾಲಿನ ವ್ಯಾನಿನ ಕಡೆಗೆ.
"ಈಗ ಈ ಕಡೆ ಎಳೀತಲ್ಲೋ!"
ಅವರ ಕೈ ನೋಡಿದೆ.
ನಾಲ್ಕು ವರ್ಷ ಎಡದ ಜೊತೆ ಜಗ್ಗಾಡಿದ ಕೈ,
ಜಗಳ ಮುಗಿದದ್ದು ಅದಕ್ಕಿನ್ನೂ ತಿಳಿದಿಲ್ಲ.
ಹೇಳಲಿಲ್ಲ.
"ಎರಡು ದಿನ ಓಡ್ಸಿ ಮೇಡಂ, ಹೊಂದ್ಕೊಳ್ಳುತ್ತೆ."
"ಗಾಡಿನೋ, ನಾನೋ?"

ಬಿಲ್ಲು ಕೊಟ್ಟು, ಚಿಲ್ಲರೆ ಬೇಡ ಅಂದು,
ಬಲಗಡೆಯ ಹಳೆ ಹೋಸು, ಸೀಳದೆ ಉಳಿದದ್ದು,
ಕೇಳಿ ತೆಗೆದುಕೊಂಡರು.
ಒಂದು ಕಣ್ಣು ಮುಚ್ಚಿ
ಬಿಸಿಲಿಗೆ ಹಿಡಿದು ಒಳಗೆ ನೋಡುತ್ತ ನಿಂತರು.
ಬೆಳಕು ಬಂತೋ ಇಲ್ಲವೋ ಹೇಳಲಿಲ್ಲ.