ಹನ್ನೊಂದು ನಿಮಿಷದ ಬಿಲ್ಲು

ದೋನ್ ರೆಮಿಹಿಯೊ,
ನಿಮ್ಮ ಚೀಟಿ ತಲುಪಿತು. ಏಡಿಯ ವಾಸನೆಯ ಚೀಟಿ.
ಹನ್ನೊಂದು ನಿಮಿಷಕ್ಕೆ ಮೂರು ಲಕ್ಷ ಪೆಸೊ
ಯಾವ ನ್ಯಾಯ ಎಂದು ಕೇಳಿದ್ದೀರಿ,
ಕಾಗದ ಹರಿಯುವಷ್ಟು ಪೆನ್ನು ಒತ್ತಿ.

ನಿಜ. ಬಂದೆ, ಕೋಟು ಕೂಡ ಬಿಚ್ಚಲಿಲ್ಲ.
ಒಂದು ಕಡ್ಡಿ ಚುಚ್ಚಿದೆ, ಒಂದು ಗುಂಡಿ ಒತ್ತಿದೆ.
ನಿಮ್ಮ ಹುಡುಗಿ ತಂದಿಟ್ಟ ಚಹಾ ಆರುವ ಮೊದಲೇ
ಹದಿನಾಲ್ಕು ಕಂಪ್ಯೂಟರುಗಳೂ ಹೊಸ ತಂತ್ರಾಂಶ ಉಟ್ಟು ನಿಂತಿದ್ದವು.
ತಕ್ಕಡಿ ಪ್ರಿಂಟರಿನ ಗುರುತು ಹಿಡಿಯಿತು,
ಪ್ರಿಂಟರು ಶೀತಲಗೃಹದ ಬಾಗಿಲಿನದು.
ಕೈ ಕೆಸರಾಗಲಿಲ್ಲ, ಬಾಯಿಗೆ ಮೊಸರು ಹೇಗೆ?
ಇದು ತಾನೇ ನಿಮ್ಮ ತಕರಾರು?

ಕೆಸರಿನ ಲೆಕ್ಕ ಕೇಳಿ ಹಾಗಾದರೆ.

ಆ ಕಡ್ಡಿಯೊಳಗೆ ಒಂಬೈನೂರ ಆರು ಸಾಲುಗಳಿವೆ.
ಇಪ್ಪತ್ತಮೂರನೆಯದು ಪೋರ್ವೆನೀರಿನ ಔಷಧಿ ಅಂಗಡಿಯದು.
ಜಲಸಂಧಿ ಕೆರಳಿ ದೋಣಿ ಎರಡು ದಿನ ನಿಂತಿತ್ತು,
ನಾನು ಆ ದಡ, ಜ್ವರದ ಮಗು ಈ ದಡ.
ಅಂಗಡಿಯ ಇಡೀ ಸಾಲದ ಖಾತೆ ಮುಳುಗಿತ್ತು,
ಮುನ್ಯೋಸ್ ಎಂಬ ಗಿರಾಕಿಯ ಹೆಸರಲ್ಲಿ
ನಕಾರದ ನೆತ್ತಿಯ ಮೇಲಿನ ಪುಟ್ಟ ಅಲೆಗೆ ಸಿಕ್ಕಿ.
ಈಗ ಆ ಸಾಲು ಮೊದಲೇ ವಿಚಾರಿಸುತ್ತದೆ:
ನೆತ್ತಿಯ ಮೇಲೆ ಅಲೆ ಹೊತ್ತವರು ಯಾರಾದರೂ ಇದ್ದೀರಾ?
ಅರೆಗಳಿಗೆಯೂ ಹಿಡಿಯುವುದಿಲ್ಲ.

ಇನ್ನೂರರ ಆಸುಪಾಸಿನವು ನನ್ನವಲ್ಲ.
ನೌಕಾದಳದ ರೇಡಿಯೊ ಬಿಟ್ಟು ಬಂದ ಮುದುಕ
ಎಲಿಯೊದೊರೊ ಮಾನ್ಸಿಲ್ಯ ಹೇಳಿಕೊಟ್ಟದ್ದು:
ತೆರೆಯುವ ಮೊದಲು ತಟ್ಟು,
ಅಳಿಸುವ ಮೊದಲು ಎರಡು ಕಡೆ ಬಚ್ಚಿಡು.
ಕಾಸು ಕೇಳಲಿಲ್ಲ, ಕೊಡುವಷ್ಟರಲ್ಲಿ ಇರಲೂ ಇಲ್ಲ.
ಅವನ ಪಾಲನ್ನು ಬಿಲ್ಲಿನ ಯಾವ ಕಾಲಮ್ಮಿಗೆ ಹಾಕಲಿ?

ಒಂದು ಸಾಲಿನ ಕಾರಣ ನನಗೇ ಮರೆತಿದೆ.
ಪಕ್ಕದಲ್ಲಿ ನನ್ನದೇ ಟಿಪ್ಪಣಿ: ಮುಟ್ಟಬೇಡ.
ಮುಟ್ಟಿಲ್ಲ.

ನೆನಪಿದೆಯೇ, ಮೊದಲ ಸಲ ಎರಡು ಹಗಲು ಒಂದು ರಾತ್ರಿ
ನಿಮ್ಮ ಕಚೇರಿಯ ಕುಂಟು ಸ್ಟೂಲಿನ ಮೇಲೆ
ಒಂದೊಂದೇ ಯಂತ್ರಕ್ಕೆ ಒಂದೊಂದೇ ಉತ್ತರ ಕೊಡುತ್ತಾ ಕೂತಿದ್ದೆ.
ಹೌದು, ಮುಂದೆ, ಹೌದು, ಮುಂದೆ, ಒಪ್ಪಿದೆ, ಮುಂದೆ.
ಬಿಸಿ ಸಾರು ತರಿಸಿದಿರಿ, ಚೌಕಾಸಿ ಮಾಡದೆ ಎಣಿಸಿದಿರಿ.
ಬಾಗಿದ ಬೆನ್ನು ಕಾಣುತ್ತಿತ್ತು. ಕಂಡದ್ದಕ್ಕೆ ಕೊಟ್ಟಿರಿ.
ತಪ್ಪುಗಳೂ ಆಗ ಮೂರು ಉಳಿದಿದ್ದವು,
ಅವುಗಳಿಗೂ ಕೊಟ್ಟಿರಿ.

ಗಾಳಿಯ ತಿಂಗಳಲ್ಲಿ ಚೌಕದ ಮೂಲೆಗೆ
ನಮ್ಮ ಪುಂತಾ ಅರೇನಸ್ಸಿನವರು ಹಗ್ಗ ಕಟ್ಟುತ್ತಾರಲ್ಲ,
ಹಿಡಿದು ದಾಟಲು ಹತ್ತು ಹೆಜ್ಜೆ ಸಾಕು.
ಹಗ್ಗ ಬರುವ ಮೊದಲು ಆ ಮೂಲೆಯಲ್ಲಿ
ಯಾರ ಹಲ್ಲು ಮುರಿದವು, ಯಾರ ಟೋಪಿ ಸಮುದ್ರ ಸೇರಿತು,
ಹೆಜ್ಜೆ ಎಣಿಸುವವರಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ಇದೆ. ಹೇಳಬಾರದೆಂದಿದ್ದೆ.
ಎಂಟುನೂರ ನಲವತ್ತನೆಯ ಸಾಲು ಸುಳ್ಳು.
ಅಲ್ಲಿ ಬರೆದದ್ದು ಇಷ್ಟೇ: ಆರು ನಿಮಿಷ ಸುಮ್ಮನಿರು.
ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತಿರುತ್ತದೆ,
ಒಳಗೆ ಕೆಲಸ ಮುಗಿದು ಎಲ್ಲವೂ ನಿದ್ದೆ.
ನಾನು ಹುಬ್ಬು ಗಂಟಿಕ್ಕಿ ನೋಡುತ್ತೇನೆ,
ನೀವು ನನ್ನ ಹುಬ್ಬು ನೋಡುತ್ತೀರಿ.
ದುಡಿದದ್ದಕ್ಕಿಂತ ಹೆಚ್ಚು ದಣಿದದ್ದು ನಾನು
ಆ ಆರು ನಿಮಿಷಗಳಲ್ಲಿ.

ನಿನ್ನೆ ರಾತ್ರಿ ಅದನ್ನು ಅಳಿಸಿದೆ.
ಮುಂದಿನ ಸಲ ಐದೇ ನಿಮಿಷ, ದೋನ್ ರೆಮಿಹಿಯೊ,
ಬಿಲ್ಲು ಇದೇ.

ಹಣ ಕೊಡಲು ನೀವೇ ಬರುವುದಾದರೆ
ಮಧ್ಯಾಹ್ನದ ಮೇಲೆ ಗಾಳಿ ಜೋರಂತೆ,
ಮೂಲೆಯಲ್ಲಿ ಹಗ್ಗ ಹಿಡಿದುಕೊಳ್ಳಿ.

ಇಂತಿ, ಎದುವೀಹಿಸ್ ಬಾರ್ರಿಯ