ಉಳಿದ ಸ್ಕ್ರೂ

ಹನ್ನೊಂದು ಸ್ಕ್ರೂ. ಬಿಚ್ಚಿದ ಕ್ರಮದಲ್ಲೇ
ಅಮ್ಮನ ಬೀಡಿ ಗೆರಸೆಯಲ್ಲಿ ಸಾಲಾಗಿಟ್ಟೆ.
ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರು,
ಹಂಪನಕಟ್ಟೆಯಲ್ಲಿ ಕೊಂಡ ನೂರು ರೂಪಾಯಿಯ ಪೇಸ್ಟು,
ಹಲ್ಲುಜ್ಜಿ ಸವೆದ ಬ್ರಶ್ಶು.

ಬೋರ್ಡೇ ಹೋಗಿದೆ, ಒಂಬತ್ತು ಸಾವಿರ
ಅಂದಿದ್ದ ತೊಕ್ಕೊಟ್ಟಿನ ನವಾಫ್.

ಫ್ಯಾನಿನ ಬಾಯಿಗೆ ಕಂಬಳಿಯ ಹಾಗೆ
ಒಂದು ಕಂದು ಪದರ.
ಚಿಮುಟದಲ್ಲಿ ಎಳೆದರೆ ಇಡಿಯಾಗಿ ಬಂತು.
ಮೂಸಿದೆ:
ಹೊಗೆಸೊಪ್ಪು.
ನಾನು ಟೈಪು ಮಾಡುವಾಗ ಪಕ್ಕದಲ್ಲೇ ಕೂತು
ಕಟ್ಟುತ್ತಾಳಲ್ಲ, ದಿನಕ್ಕೆ ಆರುನೂರು.

"ಇಷ್ಟೂ ಅದರೊಳಗೆ ಹೋಯ್ತಾ ಮಾರಾಯ್ತಿ?"
ಅಮ್ಮ ನಕ್ಕಳು, ನಗು ಕೆಮ್ಮಾಯಿತು.
ಕೆಮ್ಮು ನಿಲ್ಲುವವರೆಗೆ ನಾನು
ಪೇಸ್ಟಿನ ಮುಚ್ಚಳ ತಿರುಗಿಸುತ್ತ ಕೂತೆ.

ಈಗ ತಣ್ಣಗಿದೆ. ಸದ್ದೇ ಇಲ್ಲ.
ಗೆರಸೆಯಲ್ಲಿ ಒಂದು ಸ್ಕ್ರೂ ಉಳಿದುಬಿಟ್ಟಿದೆ,
ಎಲ್ಲಿಯದೋ.
ಅದೇ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಿದ್ದೇನೆ,
ಪರದೆ ಸ್ವಲ್ಪ ಓರೆ ಮಾಡಿ:
ವೆನ್ಲಾಕಿನಲ್ಲಿ ಎದೆಯ ಡಾಕ್ಟರು
ಯಾವ ವಾರ ಕೂರುತ್ತಾರೆ.